ಲೋಗೋ ಹಿಡ್ಕೊಂಡು 17 ಜನರ ಹತ್ರ ಹೋಗಿದ್ದು

ಎರಡನೇ ಸುತ್ತು ಬೋರ್ಡೋ ಹೊಡೆದು ಮುಗೀತು. ಮಳೆ ಬಿಟ್ಟು ಬಿಟ್ಟು ಬರ್ತಿದೆ. ಕೊಳೆ ನಮ್ಮ ಕಡೆ ಈ ವರ್ಷ ಅಲ್ಲೊಂದು ಇಲ್ಲೊಂದು ಮರಕ್ಕೆ ಮಾತ್ರ ಕಂಡಿದೆ, ನೋಡ್ಬೇಕು. ಗದ್ದೆ ಕಳೆ ಒಂದು ಬಾಕಿ. ಹೀಗಾಗಿ ಈ ಸಲ ತೋಟದ ವಿಷಯ ಬಿಟ್ಟು ಬೇರೆ ಬರೀತಿದೀನಿ. ಪೂರ್ತಿ ಬೇರೆ ಅಂತನೂ ಅಲ್ಲ. ಜೇನು, ಕಾಳುಮೆಣಸು, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಸ್ವಂತ ಹೆಸರು ಹಾಕಿ ಮಾರೋಕೆ ಹೊರಟೋರು ನಮ್ಮಲ್ಲೇ ಬಹಳ ಜನ ಇದ್ದಾರೆ. ಅವರಿಗೂ ಉಪಯೋಗ ಆಗಬಹುದು.

ನನ್ನ ತಂಗಿ ಮಗಳು ಬೆಂಗಳೂರಲ್ಲಿ ಇರೋದು. ಕೆಲಸದ ಜೊತೆಗೆ 3 ವರ್ಷದಿಂದ ಆನ್‌ಲೈನಲ್ಲಿ ಒಂದು ಚಿತ್ರದ ಗ್ಯಾಲರಿ ನಡೆಸ್ತಾ ಇದ್ದಾಳೆ. ನಮ್ಮ ಹಸೆ ಚಿತ್ತಾರದ್ದು. ಊರಲ್ಲಿ ಬರೆಯೋ ಹೆಂಗಸರು 11 ಜನ. ಅವರು ಬಟ್ಟೆ ಮೇಲೆ, ದಪ್ಪ ಕಾಗದದ ಮೇಲೆ ಬರೆದು ಕೊಡ್ತಾರೆ, ಇವಳು ಫೋಟೋ ತೆಗೆದು ಹಾಕ್ತಾಳೆ, ತಗೊಳ್ಳೋರು ಅಲ್ಲೇ ನೋಡಿ ದುಡ್ಡು ಹಾಕ್ತಾರೆ, ರಟ್ಟಿನ ಕೊಳವೆಯಲ್ಲಿ ಸುತ್ತಿ ಕೊರಿಯರ್ ಹೋಗುತ್ತೆ. ಗ್ಯಾಲರಿ ಹೆಸರು ಇಲ್ಲಿ ಬರೆಯಲ್ಲ. ಮಾವ ಪ್ರಚಾರಕ್ಕೆ ಹೊರಟ ಅಂತ ಆಗೋದು ಬೇಡ.

ಚಿತ್ತಾರ ಗೊತ್ತಿಲ್ಲದೋರು ಈ ಪುಟ ಓದೋರಲ್ಲಿ ಕಡಿಮೆ. ಆದ್ರೂ ಘಟ್ಟದ ಕೆಳಗಿನೋರು, ಬಯಲುಸೀಮೆಯೋರು ಇದ್ದೀರಿ ಅಂತ ಎರಡು ಮಾತು. ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಕಡೆ ನಮ್ಮ ದೀವರ ಮನೆಗಳಲ್ಲಿ ಮದುವೆ ಬಂದ್ರೆ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬರೀತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿ ನಾರಿಂದು. ಮದುಮಕ್ಕಳನ್ನ ಕೂರಿಸೋದು ಆ ಗೋಡೆ ಮುಂದೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಮೇಲೂ ಇದನ್ನೇ ಬರೆಯೋದು. ಮನೆ ಹೆಂಗಸರ ಕೆಲಸ ಇದು, ತಾಯಿ ಕೈ ನೋಡಿ ಮಗಳು ಕಲಿಯೋದು. ಬರೆದ ಪುಸ್ತಕ ಅಂತ ಯಾರ ಮನೇಲೂ ಇರ್ಲಿಲ್ಲ.

ಗ್ಯಾಲರಿ ಶುರು ಮಾಡಿದಾಗ ಲೋಗೋ ಬೇಕು ಅಂತ ನಮ್ಮ ದೊಡ್ಡಣ್ಣನ ಹೆಂಡತಿ, ಅಂದ್ರೆ ನಮ್ಮ ಅತ್ತಿಗೆ, ಮಗನ ಮದುವೆಗೆ ಬರೆದ ಗೋಡೆ ಹಸೆಯ ಫೋಟೋ ತೆಗೆದು ಅದನ್ನೇ ಸಣ್ಣ ಮಾಡಿ ಹಾಕಿದ್ದಳು. ಸುತ್ತ ಅಂಚು, ಒಳಗೆ ತೇರು, ಬಾಸಿಂಗ, ಮದುಮಕ್ಕಳು ಎಲ್ಲ ಇತ್ತು. ಗೋಡೆ ಮೇಲೆ ಅದು ಎಂಥ ಚಂದ ಅಂದ್ರೆ ಮದುವೆಗೆ ಬಂದೋರು ಊಟ ಬಿಟ್ಟು ನೋಡ್ತಾ ನಿಂತಿದ್ರು. ಫೋನಲ್ಲಿ ಹೆಬ್ಬೆರಳ ಉಗುರಿನಷ್ಟು ಆದಾಗ ಮಾತ್ರ ಗೋಡೆಗೆ ಸುಣ್ಣ ಚೆಲ್ಲಿದಂಗೆ ಕಾಣ್ತಿತ್ತು. ವಾಟ್ಸ್ಯಾಪಲ್ಲಿ ಚಿತ್ರ ದುಂಡಗೆ ಕತ್ತರಿಸಿ ತೋರ್ಸುತ್ತಲ್ಲ, ಅದ್ರಲ್ಲಿ ನಾಲ್ಕು ಮೂಲೆನೂ ಹೋಗಿ ಬರೀ ಹೊಟ್ಟೆ ಉಳೀತಿತ್ತು. ಕೊಳವೆ ಮೇಲೆ ಒತ್ತೋಕೆ ರಬ್ಬರ್ ಸ್ಟಾಂಪ್ ಮಾಡ್ಸಿದ್ರು, ಮೂರನೇ ಸಲಕ್ಕೆ ಶಾಯಿ ಕಟ್ಕೊಂಡು ಬರೀ ಕಪ್ಪು ಚೌಕ. ಬದಲಾಯಿಸಬೇಕು ಅನ್ನೋದ್ರಲ್ಲಿ ತಪ್ಪೇನೂ ಇರ್ಲಿಲ್ಲ.

ಬೆಂಗಳೂರಿನ ಒಬ್ಬ ಡಿಸೈನ್ ಹುಡುಗನಿಗೆ ಹೇಳಿ ಮೂರು ಮಾದರಿ ಮಾಡ್ಸಿದ್ದಳು. ಒಂದನೇದು ಗ್ಯಾಲರಿ ಹೆಸರಿನ ಮೊದಲ ಕನ್ನಡ ಅಕ್ಷರ, ಅದನ್ನೇ ಚಿತ್ತಾರದ ಎಳೆಯಂಗೆ ಬರೆದಿದ್ದು. ಎರಡನೇದು ಕೆಂಪು ಚೌಕದೊಳಗೆ ಬಿಳಿ ನಿಲಿ, ಅಡ್ಡ ಎಳೆ ನೆಟ್ಟ ಎಳೆ ಹಾದು ಹೋಗೋದು, ಅಷ್ಟೇ. ಮೂರನೇದು ಕೈ ಹಿಡ್ಕೊಂಡ ಗಂಡು ಹೆಣ್ಣು. ಅದರ ಜೊತೆಗೆ ಚಿತ್ರದ ಜೊತೆ ಹೋಗೋ ಚೀಟಿ, ಕೊಳವೆ ಮೇಲಿನ ಸ್ಟಿಕ್ಕರ್, ಫೋಟೋ ಮೂಲೆಯಲ್ಲಿ ಬರೋ ಗುರುತು, ಎಲ್ಲ ಹೊಸ ರೀತಿಯಲ್ಲಿ ಮಾಡಿ ಕೊಟ್ಟಿದ್ದ.

"ಮಾವ, ನನ್ನ ಫ್ರೆಂಡ್ಸ್ ಹತ್ರ ಕೇಳಿದ್ರೆ ಎಲ್ರೂ ಬೆಂಕಿ ಚಿತ್ರ ಕಳಿಸ್ತಾರೆ, ಅದ್ರಿಂದ ಎಂತ ಗೊತ್ತಾಗುತ್ತೆ? ನೀನು ಊರಲ್ಲಿ ಕೇಳಿ ಬಾ" ಅಂದಳು. ಮಳೆಗಾಲ, ಎಲ್ರೂ ಮನೇಲೇ ಸಿಗ್ತಾರೆ. ಒಪ್ಕೊಂಡೆ.

ಕೇಳೋ ಕ್ರಮ ಅವಳೇ ಹೇಳಿಕೊಟ್ಟಳು. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಲೇಬಲ್ ಮಾಡ್ಸೋರಿಗೆ ಇದೇ ಮುಖ್ಯ. ನಿಂಗೆ ಯಾವುದು ಇಷ್ಟ ಅಂತ ಬಾಯಿ ಬಿಡಬೇಡ. ಮೂರನ್ನೂ ಒಟ್ಟಿಗೆ ಮುಂದೆ ಇಡಬೇಡ, ಸೀರೆ ಅಂಗಡಿಯಲ್ಲಿ ಆರಿಸಿದಂಗೆ ಆರಿಸೋಕೆ ಶುರು ಮಾಡ್ತಾರೆ. ಒಂದೊಂದೇ ತೋರ್ಸು, ಮನಸ್ಸಲ್ಲೇ ಹತ್ತು ಎಣಿಸಿ ಕವುಚಿ ಹಾಕು. ಆಮೇಲೆ ಚೆನ್ನಾಗಿದೆಯಾ ಅಂತ ಕೇಳ್ಬೇಡ, ಏನು ಕಾಣ್ತು ಅಂತ ಕೇಳು. ಎಂತ ಮಾರೋ ಅಂಗಡಿ ಇರಬಹುದು ಅಂತ ಕೇಳು. ಮಾರನೇ ದಿನ ಹೋಗಿ, ನಿನ್ನೆ ನೋಡಿದ್ದನ್ನ ಪೆನ್ನಲ್ಲಿ ಗೀಚಿ ತೋರ್ಸಿ ಅಂತ ಕೇಳು.

ಸಾಗರಕ್ಕೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮೂರೂ ಒಂದೊಂದು ಹಾಳೆಯಲ್ಲಿ ದೊಡ್ಡದಾಗಿ, ಮತ್ತೆ ಒಂದು ರೂಪಾಯಿ ಪಾವಲಿಯಷ್ಟು ಸಣ್ಣದಾಗಿ. ಬಣ್ಣದ್ದು ಒಂದು, ಕಪ್ಪು ಬಿಳುಪು ಒಂದು. ಕಪ್ಪು ಬಿಳುಪು ಯಾಕೆ ಅಂದ್ರೆ ಸ್ಟಾಂಪಲ್ಲಿ, ಬಿಲ್ಲಲ್ಲಿ, ಮಂಡಿ ಚೀಲದ ಮೇಲೆ ಬರೋದು ಒಂದೇ ಬಣ್ಣ. ಅಲ್ಲಿ ನಿಲ್ಲದ ಗುರುತು ಎಲ್ಲೂ ನಿಲ್ಲಲ್ಲ. ನಾವು ಅಡಿಕೆ ಚೀಲದ ಮೇಲೆ ಪೇಂಟಲ್ಲಿ ಎರಡೇ ಅಕ್ಷರ ಬರೆಯೋದು ಸುಮ್ನೆ ಅಲ್ಲ. ನೂರು ಚೀಲದ ನಡುವೆ ದೂರದಿಂದ ನಮ್ಮದು ಗೊತ್ತಾಗ್ಬೇಕು.

ಒಟ್ಟು 17 ಜನ. ಕೇಳಿದ ಕೂಡಲೇ ಚೆನ್ನಾಗಿದೆ ಅನ್ನೋದು ನಮ್ಮ ಊರಿನ ಮರ್ಯಾದೆ. ಮನೆಗೆ ಬಂದೋರು ಪಾಯಸ ಹೇಗಿದೆ ಅಂದ್ರೆ ಉಪ್ಪು ಬಿದ್ದಿದ್ರೂ ಚೆನ್ನಾಗಿದೆ ಅಂತೀವಲ್ಲ, ಹಾಗೆ. ಕಿರಾಣಿ ಅಂಗಡಿ ಹುಡುಗ ಹಾಳೆ ಮೇಲೆ ಕಣ್ಣು ಇಡೋ ಮೊದಲೇ ಸೂಪರ್ ಅಂದ. ಕವುಚಿ ಹಾಕಿ ಏನಿತ್ತಪ್ಪ ಅಂದೆ. ಎಂತದೋ ಕೆಂಪು ಅಂದ. ಅಷ್ಟೇ ಸಾಕು, ನಿಜ ಹೇಳಿದಂಗೆ ಆಯ್ತು.

ಇನ್ನೊಂದು ಜಾತಿ ಜನ ಇದ್ದಾರೆ, ಸೇರಿಸೋರು. ಒಬ್ರು ಜೋಗ ಜಲಪಾತ ಹಿಂದೆ ಬರ್ಲಿ ಅಂದ್ರು. ಒಬ್ರು ಎರಡು ಅಡಿಕೆ ಮರ ಹಾಕಿ ಅಂದ್ರು. ಸೊಸೈಟಿಯಲ್ಲಿ ಸಿಕ್ಕಿದ ಹಿರಿಯರೊಬ್ರು ಫೋನ್ ನಂಬರ್ ಲೋಗೋ ಒಳಗೇ ಬರ್ಬೇಕು, ಇಲ್ದಿದ್ರೆ ಪ್ರಯೋಜನ ಇಲ್ಲ ಅಂತ ವಾದ ಮಾಡಿದ್ರು. ಎಲ್ರ ಮಾತೂ ಕೇಳಿದ್ರೆ ಜಾತ್ರೆ ಹ್ಯಾಂಡ್‌ಬಿಲ್ ಆಗ್ತಿತ್ತು. ಆದ್ರೆ ಇವರ ಮಾತನ್ನ ಪೂರ್ತಿ ತಳ್ಳಿ ಹಾಕೋ ಹಾಗೂ ಇಲ್ಲ. ಜೋಗ ಬರ್ಲಿ ಅಂದೋರಿಗೆ ಇದು ಯಾವ ಊರಿಂದು ಅಂತ ಗೊತ್ತಾಗ್ಲಿಲ್ಲ ಅಂತ ಅರ್ಥ. ಹಾಕಬೇಕಾದ್ದು ಜಲಪಾತ ಅಲ್ಲ, ಲೋಗೋ ಕೆಳಗೆ "ಸಾಗರ" ಅಂತ ಮೂರು ಅಕ್ಷರ. ಅದನ್ನ ಬರ್ಕೊಂಡೆ.

ಅಕ್ಷರದ ಲೋಗೋ ನೋಡಿ 5 ಜನ ಸೀರೆ ಅಂಗಡಿ ಅಂದ್ರು, 2 ಜನ ಸೌಹಾರ್ದ ಸಂಘ ಅಂದ್ರು. ಚಿತ್ರ ಅಂತ ಒಬ್ರೂ ಅನ್ನಲಿಲ್ಲ. ಅಲ್ಲಿಗೆ ಅದರ ಕತೆ ಮುಗೀತು.

ಮೂರನೇದು, ಗಂಡು ಹೆಣ್ಣಿಂದು, ಎಲ್ಲರಿಗಿಂತ ಹೆಚ್ಚು ಜನ ಇಷ್ಟಪಟ್ಟಿದ್ದು ಅದನ್ನೇ. ಮುದ್ದಾಗಿದೆ ಅಂದ್ರು. ಡಿಸೈನ್ ಹುಡುಗನಿಗೂ ಅದೇ ಇಷ್ಟವಂತೆ. ಶಾಲೆ ಮೇಷ್ಟ್ರ ಮನೆಗೆ ಹೋದೆ. ಹತ್ತು ಎಣಿಸೋಕೂ ಬಿಡ್ಲಿಲ್ಲ, "ಓ, ವರ್ಲಿ" ಅಂದ್ರು. ಅವರ ಮಗಳು ಪಿಯುಸಿ ಓದೋಳು, ಅವಳೂ ವರ್ಲಿ ಅಂದಳು. ಪೇಟೆ ಕಡೆ ಓಡಾಡಿದೋರು ಒಟ್ಟು 6 ಜನ ಇದೇ ಹೆಸರು ಹೇಳಿದ್ರು.

ವರ್ಲಿ ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆ ಆದಿವಾಸಿಗಳದ್ದು. ಅವರೂ ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಲ್ಲಿ ಬರೀತಾರೆ, ಅವರಲ್ಲೂ ಮದುವೆಗೆ ಬರೆಯೋ ಪದ್ಧತಿ ಇದೆ. ಎರಡು ತ್ರಿಕೋನ ತುದಿಗೆ ತುದಿ ಸೇರಿಸಿ ಮೈ, ಮೇಲೆ ದುಂಡು ತಲೆ, ಕಡ್ಡಿಯಂಥ ಕೈಕಾಲು. ಅವರ ಜಿವ್ಯಾ ಸೋಮಾ ಮಾಶೆ ಅನ್ನೋರಿಗೆ 2011ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಕಲೆ, ಅದ್ರ ಬಗ್ಗೆ ನಂಗೆ ಗೌರವ ಇದೆ. ಆದ್ರೆ ನಮ್ಮದು ಅದಲ್ಲ. ನಮ್ಮದ್ರಲ್ಲಿ ಜೀವ ಇರೋದು ಎಳೆಯಲ್ಲಿ, ಮನುಷ್ಯರು ಬಂದ್ರೂ ಆ ಎಳೆಗಳ ನಡುವೆ ಬಾಸಿಂಗದ ಕೆಳಗೆ ಬರ್ತಾರೆ. ತಂಗಿ ಮಗಳು ಹೇಳೋ ಪ್ರಕಾರ ಗ್ಯಾಲರಿಗೆ ಬರೋರಲ್ಲಿ ಬಹಳ ಜನ ಮೊದಲು ಕೇಳೋದೇ ಇದು ವರ್ಲಿನಾ ಅಂತ. ಇನ್ನು ಬಾಗಿಲ ಮೇಲಿನ ಬೋರ್ಡಲ್ಲೂ ಅದೇ ಅನುಮಾನ ಬರೋ ಚಿತ್ರ ಹಾಕಿದ್ರೆ ಜೀವನ ಪೂರ್ತಿ ಅಲ್ಲ ಅಲ್ಲ ಅಂತ ಹೇಳ್ತಾ ಕೂರ್ಬೇಕು. ಎಲ್ಲರಿಗೂ ಇಷ್ಟ ಆದದ್ದೇ ಎಲ್ಲಕ್ಕಿಂತ ಕೆಟ್ಟದ್ದು ಆಗಬಹುದು ಅನ್ನೋದು ನಂಗೆ ಹೊಸ ವಿಷಯ. ಬರೀ ಓಟು ಹಾಕ್ಸಿದ್ರೆ ಅದೇ ಗೆಲ್ತಿತ್ತು.

ಮಾರನೇ ದಿನ ಪೆನ್ನು ಕೊಟ್ಟು ಗೀಚ್ಸಿದ್ದು 9 ಜನರ ಹತ್ರ. ಎರಡನೇದನ್ನ, ಅಂದ್ರೆ ನಿಲಿ ಚೌಕವನ್ನ 7 ಜನ ಹೆಚ್ಚು ಕಡಿಮೆ ಸರಿಯಾಗೇ ಗೀಚಿದ್ರು. ಪೇಪರಿನ ಅಂಚಲ್ಲಿ, ಹಾಲಿನ ಡೈರಿ ಚೀಟಿ ಹಿಂದೆ. ಅಕ್ಷರವನ್ನ ಇಬ್ರು. ಹಳೇ ಲೋಗೋ 3 ವರ್ಷದಿಂದ ನೋಡ್ತಿರೋ ನಮ್ಮ ಮನೆ ಹುಡುಗರಿಗೇ ಗೀಚೋಕೆ ಬರ್ಲಿಲ್ಲ.

ಹಳೇದೇ ಇರ್ಲಿ ಅಂದೋರು ನಾಲ್ಕು ಜನ. ಈ ಮಾತನ್ನ ಹೇಗೆ ತೂಗೋದು ಅಂತ ತಂಗಿ ಮಗಳ ಹತ್ರ ಕೇಳಿದೆ. ಅಮೆರಿಕದ ಗ್ಯಾಪ್ ಅನ್ನೋ ಬಟ್ಟೆ ಕಂಪನಿ 2010ರಲ್ಲಿ ಲೋಗೋ ಬದಲಾಯಿಸಿ, ಜನ ಬೈದರು ಅಂತ ಒಂದು ವಾರದೊಳಗೆ ಹಳೇದಕ್ಕೇ ವಾಪಸ್ ಹೋಯ್ತಂತೆ. ಹೊಸದು ಕಂಡ ಕೂಡಲೇ ಬೇಡ ಅನ್ನೋದು ಎಲ್ಲ ಕಡೆ ಇದ್ದದ್ದೇ, ಒಂದು ವಾರ ಬಿಟ್ಟು ಮತ್ತೆ ಕೇಳು ಅಂದಳು. ಕೇಳಿದೆ. ಇಬ್ರು ಹೊಸದೂ ಪರವಾಗಿಲ್ಲ ಅಂದ್ರು, ಇಬ್ರು ಜಗ್ಗಲಿಲ್ಲ. ಹಳೇ ಗುರುತಿನ ಹಟ ನಂಗೆ ಅರ್ಥ ಆಗುತ್ತೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಲ್ಲಿ ಸೇರಿ ಹೋಯ್ತು, ಬೋರ್ಡೂ ಬದಲಾಯ್ತು. ನಮ್ಮ ದೊಡ್ಡಪ್ಪ ಇವತ್ತಿಗೂ ಪಾಸ್‌ಬುಕ್ ಹಿಡ್ಕೊಂಡು "ನಾಯಿ ಬ್ಯಾಂಕಿಗೆ ಹೋಗಿ ಬರ್ತೀನಿ" ಅಂತಾರೆ. ಓದೋಕೆ ಬರದೋರಿಗೆ ಆ ನಾಯಿನೇ ಬೋರ್ಡು. ಸ್ಟೇಟ್ ಬ್ಯಾಂಕಿನ ನೀಲಿ ದುಂಡೂ ಅಷ್ಟೇ. ಅದನ್ನ 1971ರಲ್ಲಿ ಅಹಮದಾಬಾದಿನ ಎನ್‌ಐಡಿಯಲ್ಲಿ ಶೇಖರ್ ಕಾಮತ್ ಅನ್ನೋರು ಮಾಡಿದ್ದು. ಒಂದು ದುಂಡು, ಒಳಗೆ ಒಂದು ತೂತು, ಕೆಳಗೆ ಒಂದು ಸೀಳು. ಬೀಗದ ಕೈ ತೂತು ಅಂತ ಕೆಲವರು ಅಂತಾರೆ. ಎಂತದಾದ್ರೂ ಇರ್ಲಿ, ಮಗು ಕೂಡ ಮಣ್ಣಲ್ಲಿ ಬರೀಬಹುದು.

ಇಷ್ಟು ಆದ ಮೇಲೆ ನಾನು ಬರೆಯೋ ಹೆಂಗಸರ ಹತ್ರ ಹೋಗಿದ್ದು. ಬೇಕಂತಲೇ ಕೊನೆಗೆ ಇಟ್ಕೊಂಡಿದ್ದೆ. ಅವರ ಕೈ ಕೆಲಸದ ಮೇಲೆ ಹಾಕೋ ಗುರುತು ಅದು, ಅವರ ಮಾತಿಗೆ ಬೇರೆ ತೂಕ.

ಅತ್ತಿಗೆ ಮನೆ ಜಗಲಿಯಲ್ಲಿ 6 ಜನ ಸೇರಿದ್ರು. ಹೊರಗೆ ಮಳೆ. ನಾನು ನಿಲಿ ಚೌಕದ ಹಾಳೆ ಕೊಟ್ಟೆ. ಅತ್ತಿಗೆ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು. ಹಾಳೆ ತಿರುಗಿಸಿದ್ರು, ಮತ್ತೆ ತಿರುಗಿಸಿದ್ರು. ಒಂದು ಎಳೆ ಮೇಲೆ ಬೆರಳಿಟ್ಟು ಹಾಗೇ ಎಳ್ಕೊಂಡು ಹೋದ್ರು. ಮೂಲೆಗೆ ಬಂದು ಬೆರಳು ನಿಲ್ತು.

"ಇದು ಎಲ್ಲಿಗೆ ಹೋಯ್ತು ತಮ್ಮಾ?"

ನೋಡಿದೆ. ಆ ಎಳೆ ಮೂಲೆ ಹತ್ರ ಬಂದು ಸುಮ್ನೆ ನಿಂತು ಹೋಗಿದೆ. ಪಕ್ಕದ ಮೂಲೆಯಲ್ಲೂ ಹಾಗೇ. ನಂಗೆ ಅಷ್ಟು ದಿನ ಕಂಡಿರ್ಲಿಲ್ಲ, ಕೇಳಿದ ಬೇರೆ ಯಾರಿಗೂ ಕಂಡಿರ್ಲಿಲ್ಲ. "ಇದು ಬರೆದಿದ್ದಲ್ಲ, ಕತ್ತರಿಸಿದ್ದು. ಬರೆದೋರ ಕೈ ಆದ್ರೆ ಎಳೆ ಹೀಗೆ ನಡುವೆ ಬಿಟ್ಟು ಏಳಲ್ಲ" ಅಂದ್ರು. ಉಳಿದೋರೂ ಹೌದು ಹೌದು ಅಂದ್ರು. ಒಬ್ರು ಎದ್ದು ಹೋಗಿ ಒಲೆ ಇದ್ದಿಲು ತಂದು ಜಗಲಿ ಮೇಲೆ ಬರೆದೇ ತೋರ್ಸಿದ್ರು, ಎಳೆ ಹೇಗೆ ಮೂಲೆಯಲ್ಲಿ ತಿರುಗಿ ಒಳಗೆ ಬರಬೇಕು, ಎಲ್ಲಿ ಹಾಯಬೇಕು ಅಂತ. ರಾತ್ರಿ ಡಿಸೈನ್ ಹುಡುಗನಿಗೆ ಫೋನ್ ಮಾಡಿ ಕೇಳ್ದಾಗ ಒಪ್ಕೊಂಡ. ಕಂಪ್ಯೂಟರಲ್ಲಿ ಕಾಲು ಭಾಗ ಬರೆದು, ಅದನ್ನೇ ತಿರುಗಿಸಿ ತಿರುಗಿಸಿ ನಾಲ್ಕು ಕಡೆ ಅಂಟಿಸಿದ್ದನಂತೆ. ಹುಡುಗ ಒಳ್ಳೆಯೋನು, ಬೇಜಾರು ಮಾಡ್ಕೊಳ್ಳಲಿಲ್ಲ.

ಹಳೇ ಲೋಗೋ ವಿಷಯ ತೆಗೆಯೋಕೆ ನಂಗೆ ಸ್ವಲ್ಪ ಹಿಂಜರಿಕೆ ಇತ್ತು. ಅದು ಅತ್ತಿಗೆ ಬರೆದದ್ದು, ಅವರ ಮನೆ ಜಗಲಿ ಮೇಲೇ ಕೂತಿದ್ದೀವಿ. ಅಷ್ಟರಲ್ಲಿ ಕೆರೆ ಕಡೆ ಮನೆಯ ಅಕ್ಕ ತಾವಾಗೇ ಬಾಯಿ ಬಿಟ್ರು. "ಹೊಸದು ಬರ್ಲಿ ಬಿಡಿ. ಮೂರು ವರ್ಷ ನಾನು ಬರೆದು ಕಳಿಸಿದ್ದಕ್ಕೆಲ್ಲ ಇವರ ಮನೆ ಹಸೆದೇ ಮುದ್ರೆ. ತಗೊಂಡೋರು ಎಲ್ಲಾನೂ ಇವರೇ ಬರೆದ್ರು ಅನ್ಕೊಳಲ್ವಾ?" ಜಗಲಿ ಒಂದು ಕ್ಷಣ ಸುಮ್ನಾಯ್ತು. ಮೂರು ವರ್ಷ ಈ ಮಾತು ಒಳಗೇ ಇಟ್ಕೊಂಡಿದ್ದಾರೆ ನೋಡಿ. ಅತ್ತಿಗೆ ಕೋಪ ಮಾಡ್ತಾರೆ ಅಂದ್ಕೊಂಡೆ. ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ತಾ, "ತೆಗೀಲಿ, ನಂಗೇನೂ ಇಲ್ಲ. ಅದು ನನ್ನ ಮಗನ ಮದುವೆ ಹಸೆ, ಕೊರಿಯರ್ ಡಬ್ಬದ ಮೇಲೆ ಹೋಗೋದು ನಂಗೂ ಸರಿ ಕಾಣ್ತಿರ್ಲಿಲ್ಲ" ಅಂದ್ರು.

ನಿಲಿ ಯಾರ ಮನೇದೂ ಅಲ್ಲ, ಎಲ್ಲರ ಮನೇದೂ ಹೌದು. ಹಾಗಾಗಿ ಅದಕ್ಕೆ 6 ಜನರೂ ಒಪ್ಪಿಗೆ. ಇಲ್ಲಿಗೆ ಮುಗೀತು ಅಂತ ಹಾಳೆ ಮಡಿಸ್ತಿದ್ದೆ. ಜೊತೆಗೆ ತಂದಿದ್ದ ಹೊಸ ಚೀಟಿ ಕೆಳಗೆ ಬಿತ್ತು. ಎಲ್ಲರಿಗಿಂತ ಚಿಕ್ಕವಳು, ಹೋದ ವರ್ಷ ಸೇರಿದ ಸೊಸೆ ಹುಡುಗಿ, ಅದನ್ನ ಎತ್ಕೊಂಡು ಓದಿದಳು. "ಹೆಸರು ಎಲ್ಲಿ?" ಅಂದಳು.

ಹಳೇ ಚೀಟಿಯಲ್ಲಿ, ಮೇಲೆ ಲೋಗೋ, ಕೆಳಗೆ ಬರೆದೋರ ಹೆಸರು, ಊರು, ಬರೆದ ತಿಂಗಳು. ಕೈಯಲ್ಲೇ ಬರೆದು ಕಟ್ಟೋದು. ಹೊಸ ಚೀಟಿಯಲ್ಲಿ ಲೋಗೋ ದೊಡ್ಡದಾಗಿದೆ, ಸುತ್ತ ಖಾಲಿ ಜಾಗ ಬಿಟ್ಟಿದೆ, ಕೆಳಗೆ ಇಂಗ್ಲಿಷಲ್ಲಿ ಗ್ಯಾಲರಿ ಹೆಸರು. ಬರೆದೋರ ಹೆಸರಿಗೆ ಗೆರೆಯೇ ಇಲ್ಲ. ಫೋಟೋ ಮೂಲೆಯಲ್ಲೂ ಮೊದಲು ಹೆಸರು ಬರ್ತಿತ್ತು, ಈಗ ಅಲ್ಲಿ ಲೋಗೋ ಕೂತಿದೆ. ಯಾರೂ ಬೇಕು ಅಂತ ತೆಗೆದದ್ದಲ್ಲ. ನೋಟ ಶುಭ್ರ ಇರ್ಲಿ ಅಂತ ತೆಗೆದಿದ್ದು.

ಅಲ್ಲಿ ಶುರು ಆಯ್ತು ನಿಜವಾದ ಮಾತು. ಅಲ್ಲಿ ತನಕ ಲೋಗೋ ಬಗ್ಗೆ ಮರ್ಯಾದೆಗೆ ಮಾತಾಡಿದಂಗೆ ಇತ್ತು. "ನನ್ನ ಮಗಳು ಶಾಲೆಯಲ್ಲಿ ತೋರ್ಸಿದ್ದು ನನ್ನ ಹೆಸರಿನ ಚೀಟಿ, ಇವರ ಮುದ್ರೆ ಅಲ್ಲ" ಅಂದ್ರು ಒಬ್ರು. ಇನ್ನೊಬ್ರು, ಮೈಸೂರಿಂದ ಒಬ್ರು ನನ್ನ ಹೆಸರು ಹೇಳಿ ಎರಡನೇ ಸಲ ತರಿಸಿದ್ರು, ಚೀಟಿ ಇಲ್ದಿದ್ರೆ ಅವರಿಗೆ ಹೇಗೆ ಗೊತ್ತಾಗ್ತಿತ್ತು ಅಂದ್ರು. ಸೊಸೆ ಹುಡುಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಈ ನಿಲಿಯನ್ನ ಇವರು ರಿಜಿಸ್ಟರ್ ಮಾಡ್ಸ್ಕೊಂಡ್ರೆ, ನಾಳೆ ನಾನು ನನ್ನ ಭೂಮಣ್ಣಿ ಬುಟ್ಟಿ ಮೇಲೆ ಅದೇ ಬರೆದು ಮಾರಿದ್ರೆ ಕೇಸು ಹಾಕ್ತಾರಾ?" ಡಿಗ್ರಿ ಓದಿದ ಹುಡುಗಿ. ಪ್ರಶ್ನೆ ಸುಳ್ಳಲ್ಲ.

ಇದನ್ನ ನಾನು ಒಂದಕ್ಷರ ಬಿಡದೆ ಬರ್ಕೊಂಡು ತಂಗಿ ಮಗಳಿಗೆ ಓದಿದೆ. ಮೊದಲು ಸ್ವಲ್ಪ ಸಿಟ್ಟಾದಳು, ನಾನು ಕೇಳಿ ಅಂದಿದ್ದು ಲೋಗೋ ಬಗ್ಗೆ ಅಲ್ವಾ ಅಂದಳು. ಆಮೇಲೆ ಫೋನಲ್ಲಿ ಬಹಳ ಹೊತ್ತು ಮಾತಿಲ್ಲ. ಮರುದಿನ ಬೆಳಿಗ್ಗೆ ಅವಳೇ ಫೋನ್ ಮಾಡಿ, ಚೀಟಿ ವಾಪಸ್ ತಗೊಂಡೆ ಮಾವ, ದೊಡ್ಡತ್ತೆಗೂ ಹೇಳು ಅಂದಳು. ಹೆಸರು ಮೇಲೆ ದೊಡ್ಡದಾಗಿ, ಲೋಗೋ ಕೆಳಗೆ ಸಣ್ಣದಾಗಿ. ಕೈಯಲ್ಲೇ ಬರೀಬೇಕು, ಅವರವರೇ.

ಕಾನೂನಿನ ಭಾಗ ಪರಿಚಯದ ವಕೀಲರ ಹತ್ರ ಕೇಳಿ ತಿಳ್ಕೊಂಡೆವು. ಲೇಬಲ್ ಮಾಡ್ಸೋ ನಮ್ಮೋರಿಗೆ ಬೇಕಾಗುತ್ತೆ, ಹೇಳಿ ಮುಗಿಸ್ತೀನಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಮೊದಲು ಬರೆದೋರದ್ದೇ, ಸಂಬಳಕ್ಕೆ ಇದ್ದು ಬರೆದಿದ್ರೆ ಬೇರೆ. ಅದನ್ನ ಇನ್ನೊಬ್ರಿಗೆ ಕೊಡೋದಾದ್ರೆ ಬರವಣಿಗೆಯಲ್ಲಿ ಆಗಬೇಕು, ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೀದಿದ್ರೆ 5 ವರ್ಷ ಅಂತ ಲೆಕ್ಕ, ಎಲ್ಲಿ ತನಕ ಅಂತ ಬರೀದಿದ್ರೆ ಭಾರತದೊಳಗೆ ಮಾತ್ರ. ಆನ್‌ಲೈನ್ ಅಂದ್ರೆ ಹೊರದೇಶಕ್ಕೂ ಹೋಗುತ್ತೆ, ಅದನ್ನೂ ಬರೆಸ್ಬೇಕು. ನಿಮ್ಮ ಲೇಬಲ್ ಮಾಡಿಕೊಟ್ಟ ಡಿಸೈನರಿಗೂ ಇದೇ ಅನ್ವಯ. ದುಡ್ಡು ಕೊಟ್ಟೆ, ನಂದಾಯ್ತು ಅಂತ ಕೂರಬೇಡಿ, ಒಂದು ಕಾಗದ ಮಾಡ್ಸ್ಕೊಳ್ಳಿ. ಇನ್ನು ಟ್ರೇಡ್‌ಮಾರ್ಕ್ ಬೇರೆ ವಿಷಯ. ನೋಂದಣಿ ಒಮ್ಮೆ ಆದ್ರೆ 10 ವರ್ಷ, ಆಮೇಲೆ ಮತ್ತೆ ಮುಂದುವರಿಸಬಹುದು. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಚಿತ್ರಗಳು 16ನೇ ವರ್ಗ, ಜೇನು, ಮಸಾಲೆ ಪದಾರ್ಥ 30ನೇದು. ಟಿಎಂ ಅಂತ ನೋಂದಣಿಗೆ ಮೊದಲೂ ಹಾಕಬಹುದು, ಆದ್ರೆ ದುಂಡಿನೊಳಗೆ ಆರ್ ಇರೋ ಗುರುತು ನೋಂದಣಿ ಆಗೋ ತನಕ ಹಾಕಬಾರದು. ತಿನ್ನೋ ಪದಾರ್ಥದ ಲೇಬಲ್ ಆದ್ರೆ ಎಫ್‌ಎಸ್‌ಎಸ್‌ಎಐ 14 ಅಂಕಿಗೂ ಜಾಗ ಬಿಟ್ಟು ಲೋಗೋ ಕೂರಿಸಿ. ಎಲ್ಲ ಮುಗಿದ ಮೇಲೆ ಅಂಕಿ ತುರುಕಿದ್ರೆ ಹಾಳಾಗುತ್ತೆ.

ನಮ್ಮ ವಿಷಯದಲ್ಲಿ ಬರೀ ನಿಲಿಯನ್ನ ನೋಂದಣಿ ಮಾಡ್ಸಲ್ಲ, ಗ್ಯಾಲರಿ ಹೆಸರಿನ ಜೊತೆ ಸೇರಿದ ಗುರುತಿಗೆ ಮಾತ್ರ ಅರ್ಜಿ ಹಾಕೋದು ಅಂತ ತೀರ್ಮಾನ ಆಗಿದೆ. ನಿಲಿ, ಬಾಸಿಂಗ, ತೇರು ಯಾರು ಎಲ್ಲಿ ಬೇಕಾದ್ರೂ ಬರೀಬಹುದು, ಗ್ಯಾಲರಿಯೋರು ತಡೆಯಲ್ಲ ಅಂತ 11 ಜನರಿಗೂ ಒಂದೊಂದು ಪತ್ರ ಕೊಡ್ತಾಳೆ. ಸೊಸೆ ಹುಡುಗಿ ಪತ್ರ ಕನ್ನಡದಲ್ಲೇ ಇರಬೇಕು ಅಂದಿದ್ದಾಳೆ.

ಲೋಗೋದ ಎಳೆಯನ್ನ ಈಗ ಅತ್ತಿಗೆ ಮತ್ತೆ ಕೆರೆ ಕಡೆ ಮನೆ ಅಕ್ಕ ಇಬ್ರೂ ಸೇರಿ ಪುಂಡಿ ನಾರಲ್ಲಿ ಕಾಗದದ ಮೇಲೆ ಬರೆದಿದ್ದಾರೆ. 5 ಸಲ ಬರೆದು ಒಂದು ಆರಿಸಿದ್ರು. ಒಂದು ಎಳೆ ಸ್ವಲ್ಪ ನಡುಗಿದೆ, ಹುಡುಗ ನೆಟ್ಟಗೆ ಮಾಡ್ಲಾ ಅಂತ ಕೇಳಿದ. ಹಾಗೇ ಇರ್ಲಿ ಅಂದ್ರು ಇಬ್ರೂ. ಅದಕ್ಕೆ ಇಬ್ಬರಿಗೂ ದುಡ್ಡು, ಕಾಗದ ಪತ್ರ ಎರಡೂ ಆಗಿದೆ. ಎಷ್ಟು ಅಂತ ಕೇಳ್ಬೇಡಿ, ಡಿಸೈನ್ ಹುಡುಗನಿಗೆ ಕೊಟ್ಟದ್ದಕ್ಕಿಂತ ಕಡಿಮೆ ಇಲ್ಲ. ಅಷ್ಟು ನಾನು ನೋಡ್ಕೊಂಡೆ.

ಬಾಕಿ ಇರೋದು ಕೆಂಪು. ಫೋನಲ್ಲಿ ಬರ್ತಿರೋ ಕೆಂಪು ಟೊಮೇಟೋ ಕೆಂಪು, ನಮ್ಮ ಕೆಮ್ಮಣ್ಣು ಅಲ್ಲ ಅಂತ 6 ಜನರೂ ಒಂದೇ ಮಾತು. ಹುಡುಗ ನಂಬರ್ ಹೇಳಿ ಅಂತಾನೆ, ಮಣ್ಣಿಗೆ ಎಲ್ಲಿಂದ ನಂಬರ್ ತರೋದು. ಗೋಡೆಗೆ ಬಳಿಯೋ ಮಣ್ಣನ್ನ ಜರಡಿ ಹಿಡಿದು, ಕಾಲು ಕೇಜಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಬಳಿದು ಒಣಗಿಸಿದ ಒಂದು ರಟ್ಟಿನ ತುಂಡೂ ಜೊತೆಗಿಟ್ಟು, ನಿನ್ನೆ ಕೊರಿಯರಿಗೆ ಹಾಕಿ ಬಂದೆ. ಕೌಂಟರಲ್ಲಿದ್ದೋರು ಒಳಗೆ ಎಂತ ಅಂದ್ರು. ಮಣ್ಣು ಅಂದೆ. ಮಣ್ಣು ಪರೀಕ್ಷೆಗಾ ಅಂತ ಕೇಳಿ ಹಾಗೇ ಬರ್ಕೊಂಡ್ರು.